ಅರ್ಥ ಹೇಳುವವರು

ಈ ವರ್ಷದ ಬೇಸಿಗೆ ಉತ್ಸವದಲ್ಲಿ ಅವರು ಇರಲಿಲ್ಲ. ಇರುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. ಕೆಲಸದಿಂದ ನಿವೃತ್ತರಾದರು, ವೀಸಾ ರದ್ದಾಯಿತು, ಹೆಂಡತಿಯ ಜೊತೆ ಮಂಗಳೂರಿಗೆ ಹೋದರು. ಆದರೂ ಸಭಾಂಗಣದ ಬಾಗಿಲಲ್ಲಿ ನಿಂತು ಬಂದವರಿಗೆ ಕಾರ್ಯಕ್ರಮದ ಕರಪತ್ರ ಕೊಡುತ್ತಿದ್ದಾಗ, ಯಾರಾದರೂ ಅದನ್ನು ಅಲ್ಲಿಯೇ ನಿಂತು ಪೂರ್ತಿ ಓದಿ “ನಿಮ್ಮ ಎರಡನೇ ವಾಕ್ಯಕ್ಕೆ ನನ್ನದು ಒಪ್ಪಿಗೆ ಇಲ್ಲ ಮಾರಾಯ್ರೆ” ಎನ್ನಬಹುದೆಂದು ಕಾದೆ. ಯಾರೂ ಅನ್ನಲಿಲ್ಲ. ಎಲ್ಲರೂ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಊಟದ ಮಳಿಗೆಗಳ ಕಡೆ ಹೋದರು.

ದುಬೈಯ ಬೇಸಿಗೆಯಲ್ಲಿ ಬಯಲಲ್ಲಿ ಏನನ್ನೂ ನಡೆಸುವಂತಿಲ್ಲ. ಹಾಗಾಗಿ ನಮ್ಮ ಉತ್ಸವ ನಡೆಯುವುದು ಹಳೆಯ ಗೋದಾಮೊಂದನ್ನು ಸಭಾಂಗಣವಾಗಿ ಮಾರ್ಪಡಿಸಿದ ಜಾಗದಲ್ಲಿ. ದಕ್ಷಿಣ ಏಷ್ಯಾದ ಕಲೆ, ಊಟ, ವಿಚಾರ ಎಂದು ಮೂರು ಭಾಗ. ಒಂದು ಮೂಲೆಯಲ್ಲಿ ಢಾಕಾದವರು ರಿಕ್ಷಾಗಳ ಹಿಂಬದಿಗೆ ಬರೆಯುವಂಥ ಚಿತ್ರಗಳನ್ನು ಬರೆಯುತ್ತಿರುತ್ತಾರೆ, ಇನ್ನೊಂದು ಮೂಲೆಯಲ್ಲಿ ಜಾಫ್ನಾದವರು ಅಕ್ಕಿಹಿಟ್ಟಿನ ಅಪ್ಪ ಸುಡುತ್ತಿರುತ್ತಾರೆ, ನಡುವೆ ಲಾಹೋರಿನಿಂದ ಬಂದ ಯಾರೋ ನಗರಗಳ ನೀರಿನ ಬಗ್ಗೆ ಮಾತಾಡುತ್ತಿರುತ್ತಾರೆ. ಹೊರಗಿನ ಕೆಂಡದಂಥ ಬಿಸಿಲಿನಿಂದ ಒಳಗೆ ಬಂದವರು ಸ್ವಲ್ಪ ಹೊತ್ತಿಗೆಲ್ಲ ಎ.ಸಿ.ಯ ಚಳಿಗೆ ಶಾಲು ಹುಡುಕುತ್ತಾರೆ. ನಾನು ಅಲ್ಲಿನ ಭಾಷಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಗೋಡೆಯ ಫಲಕಗಳು, ಕಲಾವಿದರ ಪರಿಚಯ, ವೇದಿಕೆಯ ಪಕ್ಕದ ಪರದೆಯ ಮೇಲೆ ಮೂಡುವ ಇಂಗ್ಲಿಷ್ ಸಾಲುಗಳು ಎಲ್ಲವೂ ನನ್ನ ಕೈ ದಾಟಿ ಹೋಗಬೇಕು.

ಮೂರು ವರ್ಷದ ಹಿಂದೆ ಅವರ ಪರಿಚಯವಾದದ್ದು ಫೋನಿನಲ್ಲಿ. ತಾಳಮದ್ದಳೆಯ ತಂಡವೊಂದು ಅರ್ಜಿ ಹಾಕಿದೆ, ಕನ್ನಡದವರಂತೆ, ನೀನೇ ಮಾತಾಡು ಎಂದು ನಮ್ಮ ಮುಖ್ಯಸ್ಥೆ ಹೇಳಿದ್ದರು. ಆಕೆ ಕೊಲಂಬೊದವರು, ಮಾತು ಕಡಿಮೆ, ಕೆಲಸ ಹೆಚ್ಚು. ನಾನು ಮೈಸೂರಿನವಳು. ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡಿದ್ದರೂ ತಾಳಮದ್ದಳೆಯನ್ನು ನೋಡಿರಲಿಲ್ಲ.

“ನಿಮ್ಮ ತಂಡದಲ್ಲಿ ಯಾರ್ಯಾರು ಏನೇನ್ ಮಾಡ್ತೀರ ಸರ್?” ಎಂದು ಕೇಳಿದೆ.

“ಭಾಗವತರು ಒಬ್ರು, ಅವ್ರು ಹಾಡ್ತಾರೆ. ಮದ್ದಳೆಗೆ ಒಬ್ರಿದ್ದಾರೆ. ನಾನು ಅರ್ಥ ಹೇಳುವವ.”

“ಇನ್ನೊಬ್ಬರ ಹೆಸರೂ ಇದೆ ಇದರಲ್ಲಿ.”

“ಅವರೂ ಅರ್ಥ ಹೇಳುವವರೇ.”

ನನಗೆ ಎಲ್ಲ ಸ್ಪಷ್ಟವಾಯಿತು ಎಂದುಕೊಂಡೆ. ಹಾಡು ಹಳೆಯ ಕನ್ನಡದಲ್ಲಿರುತ್ತದೆ, ಕೇಳುವವರಿಗೆ ತಿಳಿಯಲಿಕ್ಕಿಲ್ಲ, ಅದಕ್ಕೆ ಇಬ್ಬರು ಅರ್ಥ ವಿವರಿಸುತ್ತಾರೆ. ಒಳ್ಳೆಯ ಏರ್ಪಾಡು. ವೇದಿಕೆಯ ನಡುವೆ ಹಾಡುವವರಿಗೂ ಮದ್ದಳೆಯವರಿಗೂ ಜಾಗ ಗುರುತಿಸಿ, ವೇದಿಕೆಯ ಕೆಳಗೆ ಎಡಬದಿಯಲ್ಲಿ, ಹೊರಹೋಗುವ ಬಾಗಿಲಿನ ಹತ್ತಿರ, ವಿವರಣೆಕಾರರಿಗೆಂದು ಒಂದು ಸಣ್ಣ ಮೇಜು, ಎರಡು ಕುರ್ಚಿ, ಒಂದು ಕೈಮೈಕು ಇಡಿಸಿದೆ.

ಜಾಗ ನೋಡಲು ಬಂದ ದಿನ ಅವರು ಆ ಮೇಜಿನ ಮುಂದೆ ನಿಂತರು. ಎತ್ತರದ ಆಳು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ತಲೆಯ ಮೇಲಕ್ಕೆ ಸರಿಸಿದ ಓದುವ ಕನ್ನಡಕ.

“ಇದು ಯಾರಿಗೆ? ಟಿಕೆಟ್ ಹರಿಯುವವರಿಗಾ?”

“ನಿಮಗೇ ಸರ್. ಅರ್ಥ ಹೇಳೋರಿಗೆ.”

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಆ ಕುರ್ಚಿಯಲ್ಲೇ ಕೂತು, ಸದ್ದಿಲ್ಲದೆ, ಭುಜ ಕುಲುಕಿಸುತ್ತ ನಕ್ಕರು. ಕಣ್ಣು ಒರೆಸಿಕೊಂಡು ಹೇಳಿದರು: “ಅಯ್ಯೋ ಮಾರಾಯ್ರೆ, ನಮ್ಮಲ್ಲಿ ಅರ್ಥ ಅಂದ್ರೆ ಆಟವೇ ಅದು. ನೀವು ಮದುಮಗನನ್ನು ಚಪ್ಪಲಿ ಬಿಡುವಲ್ಲಿ ಕೂರಿಸಿದ್ದೀರಿ.”

ಅವತ್ತು ಅವರು ತಿಳಿಸಿ ಹೇಳಿದ್ದು ಇಷ್ಟು. ಯಕ್ಷಗಾನದ ಕಥೆಯನ್ನೇ ವೇಷವಿಲ್ಲದೆ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ಆಡಿದರೆ ಅದು ತಾಳಮದ್ದಳೆ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಆಮೇಲೆ ಪಾತ್ರ ವಹಿಸಿದವರು ಆ ಪದ್ಯವನ್ನು ಹಿಡಿದು, ಅಲ್ಲೇ ಆ ಹೊತ್ತಿಗೆ ಹುಟ್ಟಿದ ಮಾತಿನಲ್ಲಿ ಎದುರಿನವರ ಜೊತೆ ವಾದಕ್ಕೆ ಇಳಿಯುತ್ತಾರೆ. ಆ ಮಾತಿಗೆ ಅರ್ಥ ಎಂದು ಹೆಸರು. ಬರೆದಿಟ್ಟದ್ದು ಯಾವುದೂ ಇರುವುದಿಲ್ಲ. ಕಥೆಯ ಕೊನೆ ಮಾತ್ರ ಮೊದಲೇ ಗೊತ್ತಿರುತ್ತದೆ. ಸೋಲಬೇಕಾದವನು ಎಷ್ಟೇ ಚೆನ್ನಾಗಿ ವಾದಿಸಿದರೂ ಕೊನೆಗೆ ಸೋಲಲೇಬೇಕು.

ಆ ದಿನದಿಂದ ನನ್ನನ್ನು ಎಲ್ಲರಿಗೂ ಅವರು ಪರಿಚಯಿಸಿದ್ದು ಒಂದೇ ರೀತಿ. “ಇವರು ಅರ್ಥ ಹೇಳುವವರು. ನಾನು ಬರೇ ಮಾತಾಡುವವ.”

ಅವರಿದ್ದದ್ದು ಸಮುದ್ರ ವಿಮೆಯ ಕಂಪನಿಯೊಂದರಲ್ಲಿ. ಹಡಗಿನಲ್ಲಿ ಒದ್ದೆಯಾದ ಸರಕು, ಒಡೆದ ಕಂಟೇನರು, ತಡವಾಗಿ ಬಂದ ಮಾಲು ಇವುಗಳ ಬಗ್ಗೆ ಜನ ಬರೆದ ಕಾರಣಗಳನ್ನು ಓದಿ ನಂಬುವುದೋ ಬಿಡುವುದೋ ನಿರ್ಧರಿಸುವುದು ಅವರ ಕೆಲಸ. “ಇಡೀ ದಿನ ಬೇರೆಯವರ ಅರ್ಥ ಕೇಳಿ ಕೇಳಿ ಸಂಜೆಗೆ ನನ್ನ ನಾಲಗೆ ತುರಿಸ್ತದೆ” ಎನ್ನುತ್ತಿದ್ದರು. ವಾದ ಅವರಿಗೆ ಊಟದ ಹಾಗೆ, ಹೊತ್ತಿಗೆ ಸರಿಯಾಗಿ ಬೇಕು. ಆದರೆ ಅವರ ವಾದಕ್ಕೆ ಒಂದು ವಿಚಿತ್ರ ನಿಯಮವಿತ್ತು. ಎರಡು ಪಕ್ಷಗಳಲ್ಲಿ ಸೋಲುವ ಪಕ್ಷ ಯಾವುದೋ ಅದನ್ನೇ ಹಿಡಿಯುತ್ತಿದ್ದರು. ದುಬೈಯ ಆಗಸ್ಟ್ ತಿಂಗಳು ವರ್ಷದಲ್ಲೇ ಒಳ್ಳೆಯ ತಿಂಗಳು ಎಂದು ಒಮ್ಮೆ ಒಂದು ತಾಸು ಸಾಧಿಸಿದರು. ಜಾಫ್ನಾದವರ ಮಳಿಗೆಯ ಮುಂದೆ ನಿಂತು, ಬಾಣಲೆಯಲ್ಲಿ ಏಳುತ್ತಿರುವ ಅಪ್ಪ ನಮ್ಮ ಉಡುಪಿಯಿಂದಲೇ ಹೊರಟದ್ದೆಂದು ಸುಡುತ್ತಿದ್ದ ಹೆಂಗಸಿಗೆ ಇಂಗ್ಲಿಷಿನಲ್ಲಿ ಹೇಳಿದರು. ಆಕೆ ಸೌಟು ಹಿಡಿದುಕೊಂಡೇ ತಿರುಗೇಟು ಕೊಟ್ಟಳು: ಹಾಗಾದರೆ ಉಡುಪಿಗೇ ಹೋಗಿ ತಿನ್ನಿ. ಅವರು ತುಂಬ ಸಂತೋಷದಿಂದ ಸೋತು ಮೂರು ಅಪ್ಪ ಕೊಂಡರು.

“ಗೆಲ್ಲುವ ಪಕ್ಷ ಹಿಡಿದ್ರೆ ಮಾತಿಗೆ ಎಂತ ಕೆಲಸ ಉಂಟು ಹೇಳಿ?” ಎಂದು ನನ್ನನ್ನು ಕೇಳಿದ್ದರು. “ಗೆಲ್ಲುವವ ಹ್ಞೂಂ ಅಂದ್ರೆ ಸಾಕು. ಸೋಲುವವನಿಗೇ ಭಾಷೆ ಬೇಕಾಗುದು.”

ಅವರ ಎದುರು ಅರ್ಥ ಹೇಳುತ್ತಿದ್ದ ಗೆಳೆಯರಿಗೆ ಮುರಕ್ಕಬಾತ್‌ನಲ್ಲಿ ಅತ್ತರಿನ ಅಂಗಡಿ. ಬ್ಯಾರಿ ಮನೆತನದವರು, ಉಳ್ಳಾಲದ ಕಡೆಯವರು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಜಗಲಿಯಲ್ಲಿ ಕೂತು ಕೇಳಿ ಕೇಳಿ ಕಲಿತವರಂತೆ. ಇಬ್ಬರಿಗೂ ವೇದಿಕೆಯ ಮೇಲೆ ಎಷ್ಟು ಜಗಳವೋ ಕೆಳಗೂ ಅಷ್ಟೇ. ಅಂಗಡಿಗೆ ಹೋದರೆ ಗೆಳೆಯರು ಇವರ ಮಣಿಕಟ್ಟಿಗೆ ಊದಿನ ಅತ್ತರು ಸವರಿ, “ಅಣ್ಣೇರೆ, ನಿಮ್ಮ ಮಾತಿಗೆ ವಾಸನೆ ಇಲ್ಲ, ಕೈಗಾದ್ರೂ ಇರ್ಲಿ” ಎನ್ನುತ್ತಿದ್ದರು. ಇವರು ಕೈ ಮೂಸಿ, “ಇದು ಹೋದ ವರ್ಷದ ಸ್ಟಾಕ್, ನಿಮ್ಮ ಅರ್ಥದ ಹಾಗೆ” ಎನ್ನುತ್ತಿದ್ದರು. ಅಂಗಡಿಯಲ್ಲಿದ್ದ ಅರಬ್ ಗಿರಾಕಿಗಳು ಇವರಿಬ್ಬರೂ ನಿಜಕ್ಕೂ ಜಗಳಾಡುತ್ತಿದ್ದಾರೆಂದು ತಿಳಿದು ಖಲಾಸ್, ಖಲಾಸ್, ಸಾಕು ಬಿಡಿ ಎಂದು ಸಮಾಧಾನ ಮಾಡಲು ಬಂದದ್ದೂ ಉಂಟು.

ನಮ್ಮ ಮುಖ್ಯಸ್ಥೆ ಮೂರು ಷರತ್ತು ಹಾಕಿದರು. ಕಥೆ ಹೊಸದಾಗಿರಬೇಕು, ಪುರಾಣದ ಪರಿಚಯವಿಲ್ಲದವರಿಗೂ ಹಿಡಿಸಬೇಕು. ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕು. ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು ಬರಬೇಕು. ಇಡೀ ರಾತ್ರಿ ನಡೆಯುವ ಕಲೆಗೆ ಮುಕ್ಕಾಲು ಗಂಟೆ ಎಂದಾಗ ಅತ್ತರಿನ ಗೆಳೆಯರು ಎದ್ದು ಹೋಗುವುದರಲ್ಲಿದ್ದರು. “ಅಷ್ಟ್ರಲ್ಲಿ ನಂಗೆ ಗಂಟಲು ಸರಿ ಮಾಡ್ಲಿಕ್ಕೇ ಸಾಕಾಗುದಿಲ್ಲ!” ಆದರೆ ಇವರು ಮೂರಕ್ಕೂ ಒಪ್ಪಿದರು. ಮೂರನೆಯದಕ್ಕೆ ಮಾತ್ರ ಸ್ವಲ್ಪವೂ ವಾದ ಮಾಡದೆ ಒಪ್ಪಿದರು. ಅದು ನನಗೆ ಆಗಲೇ ವಿಚಿತ್ರವೆನಿಸಿತ್ತು.

ಕಾರಣ ತಿಳಿದದ್ದು ಅಲ್ ಕುಸೈಸ್‌ನ ಅವರ ಫ್ಲಾಟಿನಲ್ಲಿ. ಪರದೆಗೆ ಸಾಲು ಸಿದ್ಧಮಾಡಲು ನನಗೆ ಮೊದಲೇ ಪಠ್ಯ ಬೇಕಿತ್ತು. ಕೇಳಲು ಹೋಗಿದ್ದೆ. ಅವರ ಹೆಂಡತಿ ಕ್ಲಿನಿಕ್ಕಿನಲ್ಲಿ ನರ್ಸು, ಅವತ್ತು ಡ್ಯೂಟಿಯಲ್ಲಿದ್ದರು. ಇವರೇ ಚಹಾ ಮಾಡಿದರು. ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬಳೇ ಮಗಳು ಕೋಣೆಯಿಂದ ಬಂದು ನನಗೆ ಹಾಯ್ ಎಂದಳು. ಇವರು ತುಳುವಿನಲ್ಲಿ ಏನೋ ಕೇಳಿದರು. “ಐ ಏಟ್, ಪಪ್ಪಾ” ಎಂದು ಕಾರಿನ ಕೀಲಿ ತೆಗೆದುಕೊಂಡು ಹೋದಳು. ಬಾಗಿಲು ಮುಚ್ಚಿದ ಮೇಲೂ ಅವರು ಸ್ವಲ್ಪ ಹೊತ್ತು ಆ ಕಡೆಯೇ ನೋಡುತ್ತಿದ್ದರು.

“ನೋಡಿ, ನಮ್ಮಿಬ್ಬರ ನಡುವೆ ಇರುವ ಭಾಷೆ ಇಷ್ಟೇ” ಎಂದರು. “ಊಟ ಆಯ್ತಾ, ಕೀ ಎಲ್ಲಿ, ಎ.ಸಿ. ಆಫ್ ಮಾಡು. ಒಳ್ಳೆ ಹುಡುಗಿ, ಜಗಳ ಇಲ್ಲ, ಎಂತದ್ದೂ ಇಲ್ಲ. ಆದ್ರೆ ಅದ್ರಿಂದ ಆಚೆ ನಾನು ಅಂತ ಒಬ್ಬ ಮನುಷ್ಯ ಇದ್ದಾನೆ ಅಂತ ಅವಳಿಗೆ ಗೊತ್ತಿಲ್ಲ. ಹೇಗೆ ಗೊತ್ತಾಗ್ಬೇಕು? ನಾನು ಮಾತಾಡುದು ಈ ಕನ್ನಡದಲ್ಲಿ, ಅದು ಅವಳಿಗೆ ಚೈನೀಸ್. ಇಂಗ್ಲಿಷಿನಲ್ಲಿ ಮಾತಾಡಿದ್ರೆ ನಾನು ಆಫೀಸಿನವ ಆಗ್ತೇನೆ. ಸಣ್ಣವಳಿರುವಾಗ ಒಮ್ಮೆ ತಾಳಮದ್ದಳೆಗೆ ಕರ್ಕೊಂಡು ಹೋಗಿದ್ದೆ. ‘ಪಪ್ಪ ಯಾಕೆ ಅಷ್ಟು ಸಿಟ್ಟು ಮಾಡ್ತಾರೆ’ ಅಂತ ಅತ್ತಳು. ಆಮೇಲೆ ಬರ್ಲಿಲ್ಲ.”

ಚಹಾದ ಲೋಟವನ್ನು ಎರಡು ಕೈಯಲ್ಲಿ ತಿರುಗಿಸುತ್ತಿದ್ದರು.

“ನಿಮ್ಮ ಆ ಪರದೆ ಉಂಟಲ್ಲ, ಅದು ಉಳಿದವರಿಗೆ ಬೇಕೋ ಬೇಡ್ವೋ ನಂಗೆ ಗೊತ್ತಿಲ್ಲ. ನಂಗೆ ಅದು ಬೇಕಾದ್ದು ಒಬ್ಬಳಿಗೆ. ಬರ್ತೇನೆ ಅಂದಿದ್ದಾಳೆ. ಒಂದು ಸಲ, ಬರೇ ಒಂದು ಸಲ, ನಾನು ಎಂತ ಹೇಳ್ತೇನೆ ಅಂತ ಅವಳು ಕೇಳ್ಬೇಕು. ಆಮೇಲೆ ಬೇಕಾದ್ರೆ ಎದ್ದು ಹೋಗ್ಲಿ.”

ನಾನು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟೆ. “ಹಾಗಾದ್ರೆ ನನಗೆ ಪಠ್ಯ ಬೇಕೇಬೇಕು ಸರ್” ಎಂದೆ.

“ಪಠ್ಯ ಇಲ್ವಲ್ಲ!”

“ನೀವು ಹೇಳೋದನ್ನ ಒಂದ್ಸಲ ಹೇಳಿಬಿಡಿ. ನಾನು ಬರ್ಕೋತೀನಿ. ಅವತ್ತೂ ಅದನ್ನೇ ಹೇಳಿ.”

ಅವರು ನಿಜವಾಗಿಯೂ ಪ್ರಯತ್ನಿಸಿದರು. ಕಥೆಯನ್ನು ಇಬ್ಬರು ಗೆಳೆಯರೇ ಕಟ್ಟಿದ್ದರು. ಒಂದು ಬಂದರು, ಅದಕ್ಕೊಬ್ಬ ಅರಸ. ಹಡಗು ಒಡೆದು ದಡಕ್ಕೆ ಬಂದ ಬೇರೆ ದೇಶದ ಬಡಗಿಯೊಬ್ಬನನ್ನು ಆ ಊರು ಉಳಿಸಿಕೊಳ್ಳುತ್ತದೆ. ಅವನು ಎಷ್ಟೋ ವರ್ಷ ಅಲ್ಲಿದ್ದು ಊರಿಗೆ ಹಡಗುಗಳನ್ನು ಕಟ್ಟಿಕೊಡುತ್ತಾನೆ. ಕೊನೆಗೆ ತನಗೇ ಒಂದು ಹಡಗು ಕಟ್ಟಿಕೊಂಡು, ತನ್ನ ದೇಶಕ್ಕೆ ಹೋಗುತ್ತೇನೆ, ಅಪ್ಪಣೆ ಕೊಡಿ ಎಂದು ಅರಸನ ಮುಂದೆ ನಿಲ್ಲುತ್ತಾನೆ. ಅರಸ ಬಿಡುವುದಿಲ್ಲ. ವಾದ ಅಲ್ಲಿಂದ ಶುರು. ಕೊನೆಯಲ್ಲಿ ಅರಸ ಸೋತು, ತನ್ನ ಕೈಯಿಂದಲೇ ಹಡಗನ್ನು ನೀರಿಗೆ ನೂಕಬೇಕು.

ಸೋಲುವ ಅರಸ ಇವರೇ ಎಂದು ಬೇರೆ ಹೇಳಬೇಕಿಲ್ಲ. “ನನಗೆ ಬಡಗಿಯೇ ಸರಿ” ಎಂದಿದ್ದರು ಅತ್ತರಿನ ಗೆಳೆಯರು. “ನಾನು ವೀಸಾ ಕೊಟ್ಟ ಕಫೀಲನ ಹತ್ರ ರಜೆ ಕೇಳಿ ಕೇಳಿಯೇ ಮುದುಕ ಆದವ. ಆ ಮಾತೆಲ್ಲ ನಂಗೆ ಬಾಯಿಪಾಠ.”

ಅಭ್ಯಾಸಕ್ಕೆ ಕೂತ ಪ್ರತಿ ಸಲವೂ ನಾನು ಟೈಪ್ ಮಾಡುತ್ತಿದ್ದೆ. ಪ್ರತಿ ಸಲವೂ ವಾದ ಬೇರೆ ದಾರಿ ಹಿಡಿಯುತ್ತಿತ್ತು. ಹಿಂದಿನ ವಾರ ಅರಸ ಕರುಣಾಳುವಾಗಿದ್ದರೆ ಈ ವಾರ ವ್ಯಾಪಾರಿ. “ಸರ್, ಹೋದ ವಾರ ನೀವು ಸಮುದ್ರದ ಉಪಮೆ ಕೊಟ್ಟಿದ್ರಿ, ಈಗ ಅದು ಬರಲೇ ಇಲ್ಲ” ಎಂದರೆ, “ಬರ್ಲಿಕ್ಕೆ ಅವ್ರು ಬಿಡ್ಬೇಕಲ್ಲ, ಎದುರಿನವರು ಅಣೆಕಟ್ಟು ಕಟ್ಟಿದ್ರು” ಎಂದು ಗೆಳೆಯರ ಕಡೆ ಬೆರಳು ತೋರಿಸುತ್ತಿದ್ದರು. ಗೆಳೆಯರು ನನ್ನ ಪರ ವಹಿಸಿ, “ಪಾಪ ಆ ಹುಡುಗಿಯ ಬೆರಳು ಸವೆದು ಹೋಯ್ತು, ಒಂದು ಕಡೆ ನಿಲ್ಲಿ ಅಣ್ಣೇರೆ” ಎನ್ನುತ್ತಿದ್ದರು. ಮರುಕ್ಷಣ ತಾವೇ ಹೊಸ ಪ್ರಶ್ನೆಯೊಂದನ್ನು ಎಸೆಯುತ್ತಿದ್ದರು. ಕೊನೆಗೆ ನಾನೇ ಸೋತೆ. ಅವರು ಮಾತಾಡುತ್ತಿದ್ದಂತೆಯೇ ಅಲ್ಲೇ ಅನುವಾದಿಸಿ ಟೈಪ್ ಮಾಡುವುದೆಂದು ತೀರ್ಮಾನವಾಯಿತು. ಮುಖ್ಯಸ್ಥೆ ನನ್ನನ್ನು ನೋಡಿ, ನಿನಗೆ ಧೈರ್ಯ ಇದ್ದರೆ ನನ್ನದೇನೂ ಅಡ್ಡಿಯಿಲ್ಲ ಎಂದರು. ನನಗೆ ಧೈರ್ಯ ಇರಲಿಲ್ಲ. ಬೇರೆ ದಾರಿಯೂ ಇರಲಿಲ್ಲ.

ನಮಗೆ ಸಿಕ್ಕಿದ್ದು ಶನಿವಾರ ಮಧ್ಯಾಹ್ನ ಮೂರು ಗಂಟೆಯ ಹೊತ್ತು. ಬಿರಿಯಾನಿ ಉಂಡವರೆಲ್ಲ ಎ.ಸಿ.ಯಲ್ಲಿ ತೂಕಡಿಸುವ ಸಮಯ. ಆದರೂ ಕುರ್ಚಿಗಳು ಸುಮಾರಾಗಿ ತುಂಬಿದ್ದವು. ಮುಂದಿನ ಸಾಲುಗಳಲ್ಲಿ ಶಾರ್ಜಾ, ಅಜ್ಮಾನ್ ಕಡೆಯಿಂದಲೂ ಬಂದ ಕರಾವಳಿಯವರು, ಹಿಂದೆ ಬೇರೆ ಬೇರೆ ಭಾಷೆಯವರು. ನನ್ನ ಮೇಜು ಕೊನೆಯ ಸಾಲಿನ ಹಿಂದೆ. ಅವರ ಮಗಳು ಅದೇ ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಬಂದು ಕೂತಳು. ಅಲ್ಲಿಂದ ಎದ್ದು ಹೋದರೆ ಯಾರಿಗೂ ತಿಳಿಯುವುದಿಲ್ಲ. ವೇದಿಕೆಯಿಂದ ಅವರು ಅವಳನ್ನು ಹುಡುಕಿ ನೋಡಿದ್ದನ್ನು ನಾನು ನೋಡಿದೆ. ಆಮೇಲೆ ಕೈಗಡಿಯಾರ ಬಿಚ್ಚಿ ಅಂಗಿಯ ಜೇಬಿಗೆ ಹಾಕಿ, ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಬಲಗೈಯನ್ನು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟರು. ಮಾತು ಶುರುಮಾಡುವ ಮೊದಲು ಅವರು ಯಾವಾಗಲೂ ಹಾಗೆಯೇ. ಏನನ್ನೋ ಕೇಳಿ ಪಡೆಯುವವರ ಹಾಗೆ ಕಾಣುತ್ತಿತ್ತು.

ಮೊದಲ ಪದ್ಯ ಮುಗಿದು ಅವರು ಬಾಯಿ ತೆರೆದರು. ಅದೇ ಹಳೆಯ ವೇಗ. ನಾನು ಎರಡು ವಾಕ್ಯ ಹಿಂದೆ ಬಿದ್ದೆ, ಆಮೇಲೆ ನಾಲ್ಕು. ಬೆವರಿದೆ. ಅಷ್ಟರಲ್ಲಿ ಅವರ ಕಣ್ಣು ಪಕ್ಕದ ಪರದೆಯ ಕಡೆ ಹೋಯಿತು. ತಾವು ಆಗಲೇ ದಾಟಿ ಬಂದಿದ್ದ ಮಾತು ಅಲ್ಲಿ ಈಗ ಮೂಡುತ್ತಿತ್ತು. ನೋಡಿದವರು ಸುಮ್ಮನಾದರು. ಸಾಲು ಪೂರ್ತಿ ಮೂಡುವವರೆಗೆ, ಅದನ್ನು ಓದುವಷ್ಟು ಹೊತ್ತು, ಸುಮ್ಮನೆ ಕೂತರು. ಆಮೇಲೆ ಮುಂದಿನ ವಾಕ್ಯ. ಮತ್ತೆ ಮೌನ. ಅವರ ಅರ್ಥವನ್ನು ಎಷ್ಟೋ ಸಲ ಕೇಳಿದ್ದ ಮುಂದಿನ ಸಾಲಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. “ಅಣ್ಣೇರಿಗೆ ಇವತ್ತು ಎಂತ ಗಾಂಭೀರ್ಯ ಮಾರಾಯ್ರೆ!” ಎಂದು ಆಮೇಲೆ ಒಬ್ಬರು ಹೊಗಳಿದರು. ಗಾಂಭೀರ್ಯ ಅಲ್ಲ ಅದು, ನನ್ನ ಟೈಪಿಂಗು.

ಅರಸ ಕೇಳಿದ: “ನೀನು ಬಂದ ಹೊಸತರಲ್ಲಿ ನಿನ್ನ ದೇಶದ ಭಾಷೆಯಲ್ಲಿ ಕನಸು ಕಾಣುತ್ತಿದ್ದೆ. ಈಗ ಯಾವ ಭಾಷೆಯಲ್ಲಿ ಕಾಣುತ್ತೀ, ಹೇಳು?”

ಬಡಗಿ ಕೈಮುಗಿದ: “ಪ್ರಭುಗಳ ಊರಿನ ಸೊಳ್ಳೆಗಳು ನಿದ್ದೆಗೇ ಬಿಡುತ್ತಿಲ್ಲ, ಕನಸೆಲ್ಲಿಂದ ಬಂತು?”

ಮುಂದಿನ ಸಾಲುಗಳು ನಕ್ಕವು. ನಾನು ಟೈಪ್ ಮಾಡಿದೆ. ಪರದೆಯ ಮೇಲೆ ಸಾಲು ಮೂಡಿತು. ಆಗ ಹಿಂದಿನ ಸಾಲುಗಳಿಂದ ಎರಡನೆಯ ನಗು ಬಂತು, ಅದರಲ್ಲಿ ನನ್ನ ಎಡಗಡೆ ಬಾಗಿಲ ಹತ್ತಿರದ ಕುರ್ಚಿಯಿಂದ ಬಂದ ಒಂದು ಸಣ್ಣ ನಗುವೂ ಇತ್ತು. ವೇದಿಕೆಯ ಮೇಲೆ ಇವರು ಆ ಎರಡನೆಯ ನಗುವಿಗಾಗಿಯೇ ಕಾಯುತ್ತಿದ್ದರು. ಅದು ಬಂದದ್ದೇ ಅರಸನ ಮುಖದಲ್ಲಿ ಅರಸನಿಗೆ ಸಲ್ಲದ ಒಂದು ಹಿಗ್ಗು ಕಾಣಿಸಿಕೊಂಡಿತು. ಅದನ್ನು ಬೇಗ ಅಡಗಿಸಿ ಮುಂದುವರಿದರು.

ವಾದ ಬಿಸಿಯೇರಿತು. ತಾನು ಕಟ್ಟಿದ ಹಡಗುಗಳೆಲ್ಲ ಈ ಬಂದರು ಬಿಟ್ಟು ಹೋಗಿವೆ, ಒಂದನ್ನೂ ಅರಸ ತಡೆಯಲಿಲ್ಲ, ಕಟ್ಟಿದವನನ್ನು ಮಾತ್ರ ಯಾಕೆ ತಡೆಯಬೇಕು ಎಂದು ಬಡಗಿ ಕೇಳಿದ. ಆಗ ಅರಸ ತುಸು ಮುಂದಕ್ಕೆ ಬಾಗಿ ಹೇಳಿದ: “ಈ ಊರಿನ ಅನ್ನದ ಋಣ ನಿನ್ನ ಮೇಲಿದೆ.”

ನನ್ನ ಬೆರಳು ನಿಂತಿತು. ಋಣಕ್ಕೆ ಇಂಗ್ಲಿಷಿನಲ್ಲಿ ಡೆಟ್, ಅಂದರೆ ಸಾಲ ಎಂದು ಬರೆಯಬಹುದು. ಆದರೆ ಈ ಊರಿನಲ್ಲಿ ಸಾಲ ಎಂದರೆ ಬ್ಯಾಂಕು, ಕಂತು, ಪೊಲೀಸು. ಅವರು ಕಾಯುತ್ತಿದ್ದರು. ಇಡೀ ಸಭೆ ಕಾಯುತ್ತಿತ್ತು. ನಾನು ಬರೆದ ಇಂಗ್ಲಿಷ್ ಸಾಲನ್ನು ಕನ್ನಡಕ್ಕೆ ತಿರುಗಿಸಿದರೆ ಹೀಗಾಗುತ್ತದೆ: ನಮ್ಮ ಅನ್ನ ನಿನ್ನ ಮೈಯಾಗಿದೆ. ಅವರು ಅದನ್ನು ಓದಿದರು. ತಲೆಯನ್ನು ಸ್ವಲ್ಪ ಓರೆ ಮಾಡಿ ಇನ್ನೊಮ್ಮೆ ಓದಿದರು. ಆಮೇಲೆ ತಾವು ಹೇಳಬೇಕೆಂದಿದ್ದನ್ನು ಬಿಟ್ಟು ಅದನ್ನೇ ಹಿಡಿದರು: “ಹೌದು, ನಮ್ಮ ಅನ್ನವೇ ನಿನ್ನ ಮೈ. ಯಾವ ಮೈಯನ್ನು ಹೊತ್ತುಕೊಂಡು ಹೋಗುತ್ತೀ? ಬರುವಾಗ ತಂದದ್ದು ಎಷ್ಟು ಉಳಿದಿದೆ, ತೂಗಿ ನೋಡೋಣ.” ಅಭ್ಯಾಸದಲ್ಲಿ ಒಮ್ಮೆಯೂ ಬಾರದ ಮಾತು. ಬಡಗಿ ಒಂದು ಗಳಿಗೆ ನಿಜವಾಗಿಯೇ ತಡವರಿಸಿದ.

ನಾನು ಎಡಕ್ಕೆ ನೋಡಿದೆ. ಮಗಳು ಕುರ್ಚಿಯ ಅಂಚಿಗೆ ಬಂದು ಕೂತಿದ್ದಳು.

ಆದರೆ ಕಥೆ ಕಥೆಯೇ. ಕೊನೆಯ ಪದ್ಯ ಹಾಡಿಯಾಯಿತು. ಅರಸ ಹೇಳಿದ: “ನಿನ್ನನ್ನು ಇಟ್ಟುಕೊಳ್ಳುವಷ್ಟು ಅನ್ನ ನನ್ನಲ್ಲಿತ್ತು. ಕಳಿಸಿಕೊಡುವಷ್ಟು ಮನಸ್ಸು ಇದೆಯೋ ಇಲ್ಲವೋ ಎಂದು ನಾನು ಇವತ್ತಿನವರೆಗೆ ನೋಡಿಕೊಂಡಿರಲಿಲ್ಲ. ಹೋಗು. ಹಡಗನ್ನು ನಾನೇ ನೂಕುತ್ತೇನೆ.” ತೊಡೆಯ ಮೇಲಿದ್ದ ಅಂಗೈಯನ್ನು ಮಗುಚಿ ಮೆಲ್ಲಗೆ ಮುಂದಕ್ಕೆ ಸರಿಸಿದರು. ಸಭೆ ಚಪ್ಪಾಳೆ ಹೊಡೆಯಿತು. ಹೇಳಿದ ಸಮಯಕ್ಕಿಂತ ಸ್ವಲ್ಪ ಹೆಚ್ಚೇ ಆಗಿತ್ತು. ಮುಖ್ಯಸ್ಥೆ ಗಡಿಯಾರ ನೋಡಲಿಲ್ಲ.

ಹೊರಡುವಾಗ ನನ್ನನ್ನೂ ಕಾರಿಗೆ ಹತ್ತಿಸಿಕೊಂಡರು. ನನ್ನ ಮನೆಯೂ ಆಗ ಕುಸೈಸ್‌ನಲ್ಲೇ ಇತ್ತು. ಅವರು ಚಾಲಕನ ಸೀಟಿನಲ್ಲಿ, ಮಗಳು ಪಕ್ಕದಲ್ಲಿ, ನಾನು ಹಿಂದೆ. ಹೊರಗೆ ಇನ್ನೂ ಬಿಸಿಲಿತ್ತು, ಸ್ಟಿಯರಿಂಗ್ ಮುಟ್ಟಿದರೆ ಕೈ ಸುಡುತ್ತಿತ್ತು. ಹೇಗಿತ್ತೆಂದು ಮಗಳನ್ನು ಕೇಳುವುದಿಲ್ಲವೆಂದು ಅವರು ನಿರ್ಧರಿಸಿದ್ದರು, ಅದು ಅವರ ಕುತ್ತಿಗೆ ನೋಡಿದರೇ ತಿಳಿಯುತ್ತಿತ್ತು. ಕೊನೆಗೆ ತಡೆಯಲಾರದೆ, “ಹಸಿವಾಗ್ತದಾ?” ಎಂದು ತುಳುವಿನಲ್ಲಿ ಕೇಳಿದರು. ಅಷ್ಟು ತುಳು ನನಗೂ ತಿಳಿಯುತ್ತದೆ.

ಅವಳು ಅದಕ್ಕೆ ಉತ್ತರ ಕೊಡಲಿಲ್ಲ. “ಪಪ್ಪಾ, ವೈ ಡಿಡ್ ಯು ಲೆಟ್ ಹಿಮ್ ಗೋ?” ಎಂದಳು.

“ಯಾರನ್ನು?”

“ಆ ಕಾರ್ಪೆಂಟರ್. ಯು ವರ್ ವಿನ್ನಿಂಗ್!”

ಮುಂದಿನದೆಲ್ಲ ಅವಳು ಹೇಳಿದ್ದು ಇಂಗ್ಲಿಷಿನಲ್ಲಿ, ನಡುನಡುವೆ ತುಳು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಥೆಯೇ ಹಾಗೆ, ಅರಸ ಸೋಲಲೇಬೇಕು ಎಂದು ಅವರು ಹೇಳಿದರು. ಅದು ಉತ್ತರವಲ್ಲ ಎಂದಳು ಅವಳು. ಎಲ್ಲರೂ ಬಡಗಿಯ ದೇಶ, ಬಡಗಿಯ ದೇಶ ಅನ್ನುತ್ತೀರಿ, ಅಲ್ಲಿ ಅವನಿಗೆ ಗೊತ್ತಿರುವವರು ಯಾರಿದ್ದಾರೆ? ಅವನಿಗೆ ಒಬ್ಬಳು ಮಗಳಿದ್ದಿದ್ದರೆ? ಆ ಬಂದರಿನಲ್ಲೇ ಹುಟ್ಟಿದವಳು? ಅವಳ ಮೈಯಲ್ಲಿ ಬೇರೆ ಯಾವ ಊರಿನ ಅನ್ನವೂ ಇಲ್ಲವಲ್ಲ. ಅವಳನ್ನು ಕೇಳಿದರಾ? ಅರಸ ಆ ಪ್ರಶ್ನೆ ಕೇಳಿದ್ದರೆ ಬಡಗಿ ಏನು ಹೇಳುತ್ತಿದ್ದ?

ಅವರು ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ.

“ಬಡಗಿಗೆ ಮಗಳಿರ್ಲಿಲ್ಲ” ಎಂದರು.

“ಇದ್ದಳು ಅಂದುಕೋ.”

ಆಗ ಅವರು ಸೀಟಿನಲ್ಲಿ ನೆಟ್ಟಗಾದರು. ಇಷ್ಟು ಹೊತ್ತು ಅರಸನಾಗಿದ್ದವರು ಈಗ ಬಡಗಿಯ ಪಕ್ಷ ಹಿಡಿದರು. ಬಡಗಿಗೂ ತಾಯಿ ತಂದೆ ಇದ್ದರು, ಅವನ ಕೈಗೆ ಉಳಿ ಹಿಡಿಯಲು ಕಲಿಸಿದ ಊರೊಂದಿತ್ತು, ಮಗಳು ಬಂದರಿನಲ್ಲೇ ಉಳಿಯಬಹುದು, ಹಡಗು ಎರಡು ಕಡೆಗೂ ಓಡಾಡುವ ವಸ್ತುವಲ್ಲವೇ ಎಂದರು. ತುಳುವಿನಲ್ಲಿ ಶುರುಮಾಡಿ, ಅದು ಅವಳಿಗೆ ಸಾಲದೆಂದು ಇಂಗ್ಲಿಷಿಗೆ ದಾಟಿ, ಅದು ತಮಗೆ ಸಾಲದೆಂದು ಕನ್ನಡಕ್ಕೆ ಬಂದು, ಸಿಕ್ಕ ಸಿಕ್ಕ ಭಾಷೆಯಲ್ಲಿ ವಾದಿಸಿದರು. ಅವಳು ಒಂದೊಂದನ್ನೇ ಕತ್ತರಿಸಿ ಹಾಕಿದಳು. ಎರಡು ಕಡೆಗೂ ಓಡಾಡುವವನು ಅಪ್ಪಣೆ ಯಾಕೆ ಕೇಳಬೇಕು ಎಂದಳು. ಮಗಳನ್ನು ಬಿಟ್ಟು ಹೋಗುವವನಿಗೆ ಅರಸ ಹಡಗು ನೂಕಿ ಕೊಡಬಾರದಿತ್ತು ಎಂದಳು. ಬಲಗೈಯ ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡಿದ್ದಳು; ಅದು ಅವಳಿಗೆ ಗೊತ್ತಿದ್ದಂತಿರಲಿಲ್ಲ.

ಅವರು ಉತ್ತರ ಹುಡುಕುತ್ತಿದ್ದರು. ಸೋಲುವುದೆಂದು ಮೊದಲೇ ಗೊತ್ತುಮಾಡಿಕೊಂಡು ಅವರು ಸೋತದ್ದನ್ನು ನಾನು ಎಷ್ಟೋ ಸಲ ನೋಡಿದ್ದೆ. ಇದು ಹಾಗಿರಲಿಲ್ಲ. ಕನ್ನಡಿಯಲ್ಲಿ ಅವರ ಮುಖದ ಅರ್ಧ ಭಾಗವಷ್ಟೇ ನನಗೆ ಕಾಣುತ್ತಿತ್ತು. ಕಿವಿಯವರೆಗೂ ಕೆಂಪಾಗಿತ್ತು, ನಗುತ್ತಿತ್ತು.

“ಪಪ್ಪಾ, ಎಕ್ಸಿಟ್ ಪೋಂಡು!” ಎಂದು ಮಗಳು ಕೂಗಿದಳು.

ಕುಸೈಸ್‌ಗೆ ತಿರುಗುವ ದಾರಿ ಆಗಲೇ ಹಿಂದೆ ಹೋಗಿತ್ತು. ಇನ್ನು ಶಾರ್ಜಾಕ್ಕೆ ಹೋಗಿಯೇ ತಿರುಗಿ ಬರಬೇಕು. ಶನಿವಾರದ ಸಂಜೆ, ಮುಂದೆ ಕಣ್ಣು ಹರಿಯುವಷ್ಟು ದೂರ ಕಾರುಗಳ ಕೆಂಪು ದೀಪಗಳು.

“ಪೋವಡ್” ಎಂದರು ಅವರು, ವೇಗ ತಗ್ಗಿಸಿ ಆ ಸಾಲಿನ ಕೊನೆಯಲ್ಲಿ ಕಾರು ನಿಲ್ಲಿಸುತ್ತ. “ಪೋವಡ್ ಮಗಾ. ಈ ಪಣ್ಲ.” ಹೋಗಲಿ, ನೀನು ಹೇಳು.

ಅವಳು ಸೀಟಿನಲ್ಲಿ ಪೂರ್ತಿ ಅವರ ಕಡೆ ತಿರುಗಿ ಕೂತು, ಮತ್ತೆ ಶುರುಮಾಡಿದಳು.